ತೋಟ ಬಿಟ್ಟು ಹೋಗುವ ಮಟ್ಟೆ, ಹೊರದೇಶದಿಂದ ಬರುವ ಚೀಲ

ತೆಂಗಿನ ತೋಟದ ಮಣ್ಣಿನ ಜಮಾ-ಖರ್ಚು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬೆಳೆಗಾರರು ಕೊಬ್ಬರಿಯ ಲೆಕ್ಕವನ್ನು ಬಹಳ ಚೊಕ್ಕವಾಗಿ ಇಡುತ್ತಾರೆ. ಅಟ್ಟಕ್ಕೆ ಎಷ್ಟು ಸಾವಿರ ಕಾಯಿ ಏರಿತು, ಎಷ್ಟು ಕ್ವಿಂಟಲ್ ಕೊಬ್ಬರಿ ಆಯಿತು, ಹರಾಜಿನಲ್ಲಿ ಯಾವ ದರ ಸಿಕ್ಕಿತು, ಸುಲಿದವರಿಗೆ ಕೊಟ್ಟ ಕೂಲಿ ಎಷ್ಟು ಎಂಬುದೆಲ್ಲ ಬಾಯಲ್ಲೇ ಇರುತ್ತದೆ. ಆದರೆ ಅದೇ ಕಾಯಿಯ ಜೊತೆಯಲ್ಲಿ ತೋಟದ ಮಣ್ಣಿನಿಂದ ಏನೇನು ಹೊರಗೆ ಹೋಯಿತು, ಅದರಲ್ಲಿ ಎಷ್ಟು ಮರಳಿ ಬಂತು ಎಂಬ ಲೆಕ್ಕ ಇಡುವವರು ವಿರಳ. ಮಣ್ಣು ತಾನಾಗಿ ಬಾಯಿ ತೆರೆದು ಕೇಳುವುದಿಲ್ಲ. ಕೇಳುವ ಹೊತ್ತಿಗೆ ಮರದ ಇಳುವರಿ ಇಳಿದಿರುತ್ತದೆ. ಈ ಲೇಖನದಲ್ಲಿ ಆ ಎರಡನೆಯ ಲೆಕ್ಕವನ್ನು ಬೆಳೆಗಾರ ಬಾಂಧವರ ಮುಂದೆ ಇಡಲಾಗಿದೆ.

ಪೊಟ್ಯಾಷ್ ಚೀಲದ ಊರು

ತೆಂಗು ಮಣ್ಣಿನಿಂದ ಎಲ್ಲಕ್ಕಿಂತ ಹೆಚ್ಚಾಗಿ ಎಳೆದುಕೊಳ್ಳುವ ಸತ್ವ ಪೊಟ್ಯಾಷ್. ಫಲಕ್ಕೆ ಬಂದ ಒಂದು ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಕೊಡಬೇಕೆಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಸಾರಜನಕದ ಎರಡು ಪಟ್ಟಿಗೂ ಹೆಚ್ಚು ಪೊಟ್ಯಾಷ್ ಬೇಡುವ ಬೆಳೆ ಇದು. 1,200 ಗ್ರಾಂ ಎಂದರೆ ಅಂಗಡಿಯ ಮ್ಯೂರಿಯೇಟ್ ಆಫ್ ಪೊಟ್ಯಾಷ್ 2 ಕಿಲೋ. ಎಕರೆಗೆ 50 ಮರವಿದ್ದರೆ ವರ್ಷಕ್ಕೆ 100 ಕಿಲೋ, ಅಂದರೆ 50 ಕಿಲೋದ ಎರಡು ಚೀಲ.

ಈ ಚೀಲ ಎಲ್ಲಿಂದ ಬರುತ್ತದೆ? ನಮ್ಮ ದೇಶದಲ್ಲಿ ಪೊಟ್ಯಾಷ್ ಗಣಿಗಾರಿಕೆ ನಡೆದಿಲ್ಲ. ಮೃತ ಸಮುದ್ರದ ದಡದ ಇಸ್ರೇಲ್, ಜೋರ್ಡಾನ್‌ಗಳಿಂದ ಬರುವ ಒಂದು ಪಾಲನ್ನು ಬಿಟ್ಟರೆ, ಕೆನಡಾ, ರಷ್ಯಾ, ಬೆಲಾರೂಸ್ ಮುಂತಾದ ಚಳಿದೇಶಗಳ ನೆಲದಾಳದ ಗಣಿಗಳಿಂದಲೇ ಅದು ಬರಬೇಕು. ಅಲ್ಲಿ ಯುದ್ಧವಾದರೆ, ಹಡಗಿನ ದಾರಿ ಕಟ್ಟಿದರೆ, ಅದರ ಬಿಸಿ ತುರುವೇಕೆರೆಯ ಗೊಬ್ಬರದಂಗಡಿಗೂ ತಟ್ಟುತ್ತದೆ. 2022ರಲ್ಲಿ ಆದದ್ದು ಇದೇ. ಆ ವರ್ಷ 50 ಕಿಲೋ ಪೊಟ್ಯಾಷ್ ಚೀಲದ ಬೆಲೆ 1,700 ರೂಪಾಯಿ ಮುಟ್ಟಿತು. ಬಹಳ ಮಂದಿ ಆಗ ಯೂರಿಯಾ ಒಂದನ್ನೇ ಹಾಕಿ ಸುಮ್ಮನಾದರು.

ಪೊಟ್ಯಾಷ್ ಎಂಬ ಹೆಸರು ಹುಟ್ಟಿದ್ದೂ ಚಳಿದೇಶದಲ್ಲೇ. ಗಣಿಗಳು ಬರುವ ಮೊದಲು ಅಲ್ಲಿನ ಜನ ಕಾಡಿನ ಸೌದೆ ಸುಟ್ಟು, ಆ ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ, ತಿಳಿನೀರನ್ನು ಕಬ್ಬಿಣದ ಗಡಿಗೆಯಲ್ಲಿ ಬತ್ತಿಸಿ ಉಳಿದದ್ದನ್ನು ಮಾರುತ್ತಿದ್ದರು. ಗಡಿಗೆಯ ಬೂದಿ ಎಂಬುದೇ ಆ ಹೆಸರಿನ ಅರ್ಥ. 1790ರಲ್ಲಿ ಅಮೆರಿಕ ಸರ್ಕಾರ ಕೊಟ್ಟ ಮೊಟ್ಟಮೊದಲ ಪೇಟೆಂಟು ಈ ಬೂದಿ ಕಸುಬಿನ ಸುಧಾರಣೆಗೇ. ಜರ್ಮನಿಯ ಸ್ಟಾಸ್‌ಫುರ್ಟ್‌ನಲ್ಲಿ 1861ರ ಸುಮಾರಿಗೆ ಗಣಿ ಪೊಟ್ಯಾಷ್ ಬಂದ ಮೇಲೆ ಈ ಬೂದಿ ಕಸುಬು ಹಿಂದೆ ಸರಿಯಿತು. ನಮ್ಮ ಬಚ್ಚಲೊಲೆಯಲ್ಲಿ ದಿನಾ ಬೆಳಿಗ್ಗೆ ಮಟ್ಟೆ ಉರಿದು ಉಳಿಯುವ ಬೂದಿಯೂ ಅದೇ ಪದಾರ್ಥ. ತೆಂಗಿನ ಮಟ್ಟೆಯ ಬೂದಿಯಲ್ಲಿ ನೂರಕ್ಕೆ 20ರಿಂದ 30 ಪಾಲು ಪೊಟ್ಯಾಷ್ ಇರುತ್ತದೆ.

ಚಳಿದೇಶದ ಮಣ್ಣಿಗೂ ನಮ್ಮ ಕೆಮ್ಮಣ್ಣಿಗೂ ವ್ಯತ್ಯಾಸ

ಗೊಬ್ಬರದ ಶಾಸ್ತ್ರದ ಬಹುಭಾಗ ಬೆಳೆದದ್ದು ಉತ್ತರದ ಚಳಿದೇಶಗಳಲ್ಲಿ. ನಮ್ಮ ಮೈಸೂರು ಸಂಸ್ಥಾನಕ್ಕೂ ಅದು ಅಲ್ಲಿಂದಲೇ ಬಂತು. 19ನೇ ಶತಮಾನದ ಕೊನೆಯಲ್ಲಿ ಸಂಸ್ಥಾನದ ಕೃಷಿ ರಸಾಯನಜ್ಞರಾಗಿ ಬಂದ ಲೇಮನ್ ಕೆನಡಾದವರು. 1908ರಲ್ಲಿ ಬಂದು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದ ಲೆಸ್ಲಿ ಕೋಲ್ಮನ್ ಕೂಡ ಕೆನಡಾದವರೇ. ಅವರ ಉಪಕಾರ ದೊಡ್ಡದು. ಆದರೆ ಅಲ್ಲಿನ ಮಣ್ಣಿನ ನಡವಳಿಕೆ ಬೇರೆ, ನಮ್ಮದು ಬೇರೆ ಎಂಬುದನ್ನು ಮರೆಯಬಾರದು.

ಇಂಗ್ಲೆಂಡಿನ ರಾತಮ್‌ಸ್ಟೆಡ್ ಎಂಬಲ್ಲಿ 1843ರಿಂದ ಇಂದಿನವರೆಗೆ ಒಂದೇ ಹೊಲದಲ್ಲಿ ಗೋಧಿಯ ಗೊಬ್ಬರ ಪ್ರಯೋಗ ನಡೆಯುತ್ತಾ ಬಂದಿದೆ. ಏನೂ ಗೊಬ್ಬರ ಕಾಣದ ಪಟ್ಟೆಯಲ್ಲಿ ಇಂದಿಗೂ ಹೆಕ್ಟೇರಿಗೆ ಸುಮಾರು ಒಂದು ಟನ್ ಗೋಧಿ ಬರುತ್ತದೆ. ಪ್ರತಿವರ್ಷ ಕೊಟ್ಟಿಗೆ ಗೊಬ್ಬರ ಕಂಡ ಪಟ್ಟೆಯಲ್ಲಿ ಮಣ್ಣಿನ ಸಾವಯವ ಇಂಗಾಲ ಎರಡು ಪಟ್ಟಿಗೂ ಮೀರಿ ಏರಿದೆ. ಪಕ್ಕದ ಬಾರ್ಲಿ ಹೊಲದ ಕಥೆ ಇನ್ನೂ ವಿಶೇಷವಾದದ್ದು. ಅಲ್ಲಿ ಒಂದು ಪಟ್ಟೆಗೆ 1852ರಿಂದ 1871ರವರೆಗೆ ಮಾತ್ರ ಕೊಟ್ಟಿಗೆ ಗೊಬ್ಬರ ಹಾಕಿ ನಿಲ್ಲಿಸಿದರು. ಆ ಇಪ್ಪತ್ತು ವರ್ಷದ ಗೊಬ್ಬರದ ಗುಣ ನೂರು ವರ್ಷ ಕಳೆದ ಮೇಲೂ ಮಣ್ಣಿನಲ್ಲಿ ಕಾಣುತ್ತಿತ್ತು.

ಇದಕ್ಕೆ ಕಾರಣ ಚಳಿ. ಎಲೆ, ಬೇರು, ಸಗಣಿಯನ್ನು ಕೊಳೆಸುವುದು ಮಣ್ಣಿನ ಸೂಕ್ಷ್ಮಜೀವಿಗಳು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಸೀಮೆಗಳಲ್ಲಿ ಅವು ತಿಂಗಳುಗಟ್ಟಲೆ ಕೆಲಸ ನಿಲ್ಲಿಸುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ, ತೇವವೂ ಇದ್ದರೆ, ಕೊಳೆಯುವ ವೇಗ ಸುಮಾರು ಇಮ್ಮಡಿಯಾಗುತ್ತದೆ. ನಮ್ಮ ಸೀಮೆಯಲ್ಲಿ ಸೂಕ್ಷ್ಮಜೀವಿಗಳಿಗೆ ಚಳಿಯ ರಜೆ ಎಂಬುದೇ ಇಲ್ಲ. ಮೊದಲ ಮಳೆ ಬಿದ್ದೊಡನೆ ಅವು ಮೈಕೊಡವಿ ಎದ್ದು, ಹಾಕಿದ್ದನ್ನೆಲ್ಲ ಒಂದೆರಡು ವರ್ಷದಲ್ಲಿ ಮುಗಿಸುತ್ತವೆ. ಆದ್ದರಿಂದಲೇ ನಮ್ಮ ಕೆಂಪು ಮರಳುಗೋಡು ಮಣ್ಣಿನಲ್ಲಿ ಸಾವಯವ ಇಂಗಾಲ ಅನೇಕ ಕಡೆ ನೂರಕ್ಕೆ ಅರ್ಧಕ್ಕಿಂತ ಕೆಳಗಿರುತ್ತದೆ. ಚಳಿದೇಶದ ರೈತನಿಗೆ ತಾತ ಕೂಡಿಟ್ಟ ಠೇವಣಿ ಇದೆ. ನಮ್ಮದು ದಿನಗೂಲಿಯ ಸಂಸಾರ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ನಮ್ಮ ಮಣ್ಣಿಗೆ ಸರಿಯಾಗಿ ಒಪ್ಪುತ್ತದೆ.

ಹಾಗೆಂದು ಆ ಕಡೆಯ ರೈತನೂ ಕೈಕಟ್ಟಿ ಕೂತಿಲ್ಲ. ಬೆಳೆ ಕೊಯ್ದ ಮೇಲೆ ನೆಲ ಬರಿದಾಗಿದ್ದರೆ ಚಳಿಗಾಲದ ಮಳೆಗೆ ಸಾರಜನಕ ಬಸಿದು ಹೋಗುತ್ತದೆಂದು ರೈ, ಸಾಸಿವೆ ಜಾತಿಯ ಪೈರುಗಳನ್ನು ಹೊದಿಕೆಯಾಗಿ ಬಿತ್ತುತ್ತಾರೆ. ಡೆನ್ಮಾರ್ಕಿನಲ್ಲಂತೂ ಇದು ಕಾನೂನಿನ ಕಟ್ಟಳೆ. ಅವರ ಭಯ ಚಳಿಗಾಲದ ಬರಿನೆಲ, ನಮ್ಮ ಭಯ ಬೇಸಿಗೆಯ ಬರಿನೆಲ. ನೆಲಕ್ಕೆ ಹೊದಿಕೆ ಬೇಕೆಂಬ ಪಾಠ ಇಬ್ಬರಿಗೂ ಒಂದೇ.

ನಮ್ಮದೇ ಕೆಮ್ಮಣ್ಣಿನ ಪುರಾವೆ ಬೇಕೆನ್ನುವವರಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ 1978ರಿಂದ ನಡೆದು ಬಂದ ರಾಗಿಯ ಶಾಶ್ವತ ಗೊಬ್ಬರ ಪ್ರಯೋಗವಿದೆ. ರಸಗೊಬ್ಬರ ಮಾತ್ರ ಕಂಡ ತಾಕಿಗಿಂತ, ರಸಗೊಬ್ಬರದ ಜೊತೆ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನೂ ಕಂಡ ತಾಕಿನಲ್ಲೇ ಇಳುವರಿ ವರ್ಷದಿಂದ ವರ್ಷಕ್ಕೆ ನಿಂತು ಬಂದಿದೆ. ರಾಗಿಗೆ ಸಲ್ಲುವ ಮಾತು ತೆಂಗಿಗೂ ಸಲ್ಲುತ್ತದೆ.

ಕಾಯಿಯ ಒಳಲೆಕ್ಕ

ಒಂದು ಕಾಯಿಯಲ್ಲಿರುವ ಪೊಟ್ಯಾಷಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇರುವುದು ಮಟ್ಟೆಯಲ್ಲಿ. ನಾವು ಬೆಲೆ ಕಟ್ಟುವ ಕೊಬ್ಬರಿಯಲ್ಲಿ ಮುಖ್ಯವಾಗಿ ಇರುವುದು ಎಣ್ಣೆ. ಎಣ್ಣೆ ಗಾಳಿ, ನೀರು, ಬಿಸಿಲಿನಿಂದ ಆದದ್ದು. ಅದನ್ನು ಮಾರಿದರೆ ಮಣ್ಣಿಗೆ ಅಷ್ಟಾಗಿ ನಷ್ಟವಿಲ್ಲ. ಮಣ್ಣಿನ ಸತ್ವ ಹೊರಗೆ ಹೋಗುವ ದೊಡ್ಡ ಬಾಗಿಲು ಮಟ್ಟೆ.

ನಮ್ಮ ಸೀಮೆಯ ಉಂಡೆ ಕೊಬ್ಬರಿಯ ಪದ್ಧತಿ ಇದಕ್ಕೆ ಅನುಕೂಲವಾಗಿಯೇ ಇದೆ. ಬಲಿತ ಕಾಯಿ ಎಂಟು ಹತ್ತು ತಿಂಗಳು ಅಟ್ಟದ ಮೇಲೆ ಒಣಗಿ, ಸುಲಿಯುವಾಗ ಮಟ್ಟೆಯೆಲ್ಲ ಮನೆಯಂಗಳದಲ್ಲೇ ಬೀಳುತ್ತದೆ. ಅದು ತೋಟಕ್ಕೆ ಹೋಗುತ್ತದೆಯೋ, ನಾರಿನ ಕಾರ್ಖಾನೆಯ ಲಾರಿ ಹತ್ತುತ್ತದೆಯೋ ಎಂಬುದು ಬೆಳೆಗಾರನ ಕೈಯಲ್ಲೇ ಇರುವ ತೀರ್ಮಾನ. ಎಳನೀರು ವ್ಯಾಪಾರದಲ್ಲಿ ಹಾಗಲ್ಲ. ಗೊನೆ ಕಡಿದ ದಿನವೇ ಮಟ್ಟೆ ಸಮೇತ ಕಾಯಿ ತೋಟ ಬಿಡುತ್ತದೆ. ಅದರ ಪೊಟ್ಯಾಷ್ ಬೆಂಗಳೂರಿನ ರಸ್ತೆಬದಿಯ ಕಸದ ರಾಶಿ ಸೇರುತ್ತದೆ. ಅಟ್ಟಕ್ಕೆ ಹಾಕುವ, ಸುಲಿಸುವ ತಾಪತ್ರಯವಿಲ್ಲದೆ ನಗದು ಸಿಗುವುದರಿಂದ ಎಳನೀರು ಮಾರುವುದು ತಪ್ಪೆನ್ನಲಾಗದು. ಆದರೆ ಎಳನೀರಿನ ದರ ಕೊಬ್ಬರಿಯ ದರಕ್ಕಿಂತ ಲಾಭವೇ ಎಂದು ಎಣಿಸುವಾಗ, ಕಾಯಿಯ ಜೊತೆ ಹೋದ ಗೊಬ್ಬರದ ಬೆಲೆಯನ್ನೂ ಖರ್ಚಿನ ಕಡೆ ಬರೆಯಬೇಕು. ಎಳನೀರಿಗೆ ಬಿಟ್ಟ ಮರಕ್ಕೆ ಪೊಟ್ಯಾಷ್ ತಪ್ಪಿಸಲೇಬಾರದು.

ಮರ ತಡವಾಗಿ ಹೇಳುತ್ತದೆ

ಗೊಬ್ಬರ ನಿಲ್ಲಿಸಿದ ವರ್ಷ ತೆಂಗು ಕಾಯಿ ಕಡಿಮೆ ಮಾಡುವುದಿಲ್ಲ. ಇದೇ ಬೆಳೆಗಾರನನ್ನು ದಾರಿ ತಪ್ಪಿಸುವ ಸಂಗತಿ. ಹೊಂಬಾಳೆಯ ಕುಡಿ ಸುಳಿಯೊಳಗೆ ಮೂಡುವುದು ಅದು ಹೊರಗೆ ಒಡೆಯುವುದಕ್ಕೆ ಸುಮಾರು 32 ತಿಂಗಳ ಮೊದಲು. ಒಡೆದ ಮೇಲೆ ಕಾಯಿ ಬಲಿಯಲು ಇನ್ನೂ ಒಂದು ವರ್ಷ. ಒಟ್ಟು 44 ತಿಂಗಳು. ಅಟ್ಟದ ಕಾಲವನ್ನೂ ಕೂಡಿಸಿದರೆ, ಇಂದು ಬುಡಕ್ಕೆ ಬಿದ್ದ ಗೊಬ್ಬರದ ಪೂರ್ತಿ ಫಲ ಹರಾಜಿನ ಕಟ್ಟೆಗೆ ಬರಲು ನಾಲ್ಕು ವರ್ಷ ಮೀರುತ್ತದೆ.

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. 2025ರಲ್ಲಿ ಅದೇ ತಿಪಟೂರು ಮಾರುಕಟ್ಟೆಯಲ್ಲಿ ದರ 25,000 ರೂಪಾಯಿ ದಾಟಿತು. ಬೆಲೆ ಬಿದ್ದ ವರ್ಷ ಬೇಸತ್ತು ತೋಟದ ಆರೈಕೆ ಬಿಟ್ಟವರಿಗೆ, ಬೆಲೆ ಏರಿದ ವರ್ಷ ಅಟ್ಟ ತುಂಬಲಿಲ್ಲವೆಂದರೆ ಆಶ್ಚರ್ಯವಿಲ್ಲ. ಬೆಲೆ ನೋಡಿ ಗೊಬ್ಬರ ಹಾಕುವ ಲೆಕ್ಕ ರಾಗಿಗೆ ಸರಿ, ತೆಂಗಿಗೆ ಸರಿಹೋಗದು. ಬೆಲೆ ಇಲ್ಲದ ವರ್ಷವೂ ಕಾಸು ಬಿಚ್ಚದೆ ಮರಕ್ಕೆ ಕೊಡಬಹುದಾದದ್ದು ಏನೆಂದರೆ ತೋಟದ್ದೇ ಮಟ್ಟೆ, ಗರಿ, ಸೊಪ್ಪು.

ಬರದ ಕಾಲಕ್ಕೂ ಇದು ಸಂಬಂಧಿಸಿದ್ದು. ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಮುಚ್ಚಿ, ನೀರು ವ್ಯರ್ಥವಾಗದಂತೆ ಕಾಯುವುದು ಪೊಟ್ಯಾಷಿನ ಕೆಲಸ. ವರ್ಷಕ್ಕೆ 600-700 ಮಿಲಿಮೀಟರ್ ಮಳೆಯ ಆಸುಪಾಸಿನಲ್ಲಿ, ಕೊಳವೆಬಾವಿ ನಂಬಿ ನಿಂತ ನಮ್ಮ ತೋಟಗಳಿಗೆ ಇದಕ್ಕಿಂತ ಮುಖ್ಯವಾದದ್ದು ಯಾವುದಿದೆ?

ಮರ ಕೊಡುವ ಸೂಚನೆಗಳನ್ನು ಓದಲು ಕಲಿಯಬೇಕು. ಕೆಳಗಿನ ಹಳೆಯ ಗರಿಗಳು ತುದಿಯಿಂದ, ಅಂಚಿನಿಂದ ಹಳದಿಯಾಗಿ ಕಂದು ಬಣ್ಣಕ್ಕೆ ತಿರುಗಿ ಸುಟ್ಟಂತೆ ಕಂಡರೆ ಪೊಟ್ಯಾಷ್ ಕೊರತೆ. ಹಳೆಯ ಗರಿಯ ಬಿಸಿಲು ಬೀಳುವ ಭಾಗ ಹಳದಿಯಾಗಿ, ನಡುಕಡ್ಡಿಯ ಪಕ್ಕ ಹಸಿರು ಉಳಿದಿದ್ದರೆ ಮೆಗ್ನೀಸಿಯಂ ಕೊರತೆ. ಇದಕ್ಕೆ ಮರಕ್ಕೆ ಅರ್ಧ ಕಿಲೋ ಮೆಗ್ನೀಸಿಯಂ ಸಲ್ಫೇಟ್. ಹೊಸ ಗರಿಗಳು ಬಿಚ್ಚಿಕೊಳ್ಳದೆ ಮುದುಡಿ, ಎಲೆತುದಿ ಕೊಕ್ಕೆಯಂತೆ ಬಾಗಿದ್ದರೆ ಬೋರಾನ್ ಕೊರತೆ. ಇದಕ್ಕೆ 50 ಗ್ರಾಂ ಬೋರಾಕ್ಸ್ ಸಾಕು. ಹೆಚ್ಚು ಹಾಕಿದರೆ ವಿಷವಾದೀತು.

ಮಟ್ಟೆ ಹೂಳುವ ಕ್ರಮ

ಮಟ್ಟೆಯನ್ನು ಮಣ್ಣಿಗೆ ಹಿಂದಿರುಗಿಸಲು ಸುಲಭವಾದ ಮಾರ್ಗ ಹೂಳುವುದು. ಎರಡು ಸಾಲಿನ ನಡುವೆ, ಮರದಿಂದ 3 ಮೀಟರ್ ದೂರದಲ್ಲಿ ಅರ್ಧ ಮೀಟರ್ ಅಗಲ, ಅಷ್ಟೇ ಆಳದ ಕಾಲುವೆ ತೆಗೆಯಬೇಕು. ಮಟ್ಟೆಯ ಒಳಮೈ ಮೇಲೆ ಬರುವಂತೆ ಬೊಗಸೆಯಾಗಿ ಜೋಡಿಸಿ, ಪ್ರತಿ ಪದರದ ಮೇಲೂ ಮಣ್ಣು ಹರಡಿ ಮುಚ್ಚಬೇಕು. ಮುಂಗಾರು ಆರಂಭದಲ್ಲಿ ಈ ಕೆಲಸ ಮುಗಿದರೆ ಮಳೆನೀರೆಲ್ಲ ಅದರಲ್ಲಿ ನಿಲ್ಲುತ್ತದೆ. ಮಟ್ಟೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರನ್ನು ಹಿಡಿದಿಡುತ್ತದೆ. ಒಮ್ಮೆ ಹೂಳಿದರೆ ಐದರಿಂದ ಏಳು ವರ್ಷ ಅದರ ಗುಣ ಇರುತ್ತದೆ. ಒಂದೇ ವರ್ಷ ಇಡೀ ತೋಟಕ್ಕೆ ಮಾಡಲು ಮಟ್ಟೆಯೂ ಸಾಲದು, ಆಳೂ ಸಿಗದು. ವರ್ಷಕ್ಕೆ ತೋಟದ ಐದನೇ ಒಂದು ಭಾಗ ಹಿಡಿದರೆ ಸರದಿ ತಾನಾಗಿ ಸುತ್ತುತ್ತದೆ.

ಹೂಳಲು ಆಗದವರು ಪಾತಿಯಲ್ಲಿ ಸುಮಾರು ನೂರು ಮಟ್ಟೆಯನ್ನು ಬೆನ್ನು ಮೇಲಾಗಿ ಹಾಸಬಹುದು. ಬೇಸಿಗೆಯಲ್ಲಿ ತೇವ ಆರುವುದು ತಗ್ಗುತ್ತದೆ. ಅಣಬೆ ರೋಗ ತಗುಲಿದ ಮರದ ಸುತ್ತ ಮಾತ್ರ ಅಗೆಯುವುದು, ಉಳುವುದು ಬೇಡ. ರೋಗದ ಬೇರು ಕಡಿದು ಆರೋಗ್ಯದ ಮರಕ್ಕೆ ಹಬ್ಬಿಸಿದಂತಾಗುತ್ತದೆ.

ಒಲೆಯ ಬೂದಿಯನ್ನು ತಿಪ್ಪೆಗೆ ಸುರಿಯುವ ವಾಡಿಕೆ ಎಲ್ಲ ಕಡೆ ಇದೆ. ಬೂದಿ ಕ್ಷಾರವಾದದ್ದು. ಹಸಿ ಸಗಣಿ ಗೊಬ್ಬರದ ಜೊತೆಗಾಗಲಿ ಯೂರಿಯಾ ಜೊತೆಗಾಗಲಿ ಬೆರೆತರೆ ಸಾರಜನಕವನ್ನು ಗಾಳಿಗೆ ಹಾರಿಸುತ್ತದೆ. ಬೂದಿಯನ್ನು ಮಳೆಗೆ ತೋಯದಂತೆ ಬೇರೆ ಕೂಡಿಟ್ಟು ನೇರವಾಗಿ ಪಾತಿಗೆ ಹಾಕುವುದೇ ಸರಿ. ಸವುಳು ಮಣ್ಣಿದ್ದವರು, ಕೊಳವೆಬಾವಿಯ ಗಡಸು ನೀರು ಹಾಯಿಸುವವರು ಮಣ್ಣು ಪರೀಕ್ಷೆ ಮಾಡಿಸಿದ ಮೇಲಷ್ಟೇ ಬೂದಿ ಬಳಸಬೇಕು.

ಗರಿ, ಸೊಪ್ಪು, ಗೋಡು

ಒಂದು ಮರ ವರ್ಷಕ್ಕೆ ಸುಮಾರು 12 ಗರಿ ಉದುರಿಸುತ್ತದೆ. ಗರಿ, ಹೊಂಬಾಳೆ, ಗೊನೆಯ ಕಡ್ಡಿ, ಮಟ್ಟೆ ಎಲ್ಲ ಸೇರಿ ಚೆನ್ನಾಗಿ ನೋಡಿಕೊಂಡ ಒಂದು ಹೆಕ್ಟೇರ್ ತೋಟದಿಂದ ವರ್ಷಕ್ಕೆ ಸುಮಾರು 6ರಿಂದ 8 ಟನ್ ತ್ಯಾಜ್ಯ ಸಿಗುತ್ತದೆ. ಇದನ್ನು ಬದುವಿನ ಮೇಲೆ ರಾಶಿ ಹಾಕಿ ಬೆಂಕಿ ಇಡುವುದು ನೋಟು ಸುಟ್ಟಂತೆ. ಗರಿ ಗಡುಸಾದದ್ದು, ಬೇಗ ಕೊಳೆಯದೆಂಬ ದೂರಿಗೆ ಕಾಸರಗೋಡಿನ ಸಂಸ್ಥೆ ಪರಿಹಾರ ಕಂಡುಕೊಂಡಿದೆ. ಯೂಡ್ರಿಲಸ್ ಜಾತಿಯ ಎರೆಹುಳು, ಸಗಣಿ ಬಗ್ಗಡ ಹಾಕಿ ಮೆತುವಾದ ಗರಿಯನ್ನು ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡಿಕೊಡುತ್ತದೆ. ಗೊಬ್ಬರದ ಗುಂಡಿಯಲ್ಲಿ ಕುರುವಾಯಿ ದುಂಬಿ ಮೊಟ್ಟೆ ಇಡುವುದುಂಟು. ಆಗಾಗ ತಿರುವಿ ಹಾಕಿ ಗೊಣ್ಣೆಹುಳುಗಳನ್ನು ಆರಿಸಿ ಕೊಲ್ಲಬೇಕು.

ಮುಂಗಾರಿನಲ್ಲಿ ಪಾತಿಗೆ ಅಲಸಂದೆ ಇಲ್ಲವೆ ಅಪ್ಪಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಸಾರಜನಕ ಪುಕ್ಕಟೆ ದೊರೆಯುತ್ತದೆ. ಸಾಲಿನ ನಡುವೆ ಹೆಸರು, ಹುರುಳಿ ಹಾಕಿದರೆ ನೆಲಕ್ಕೆ ಹೊದಿಕೆಯೂ ಆಯಿತು, ಮನೆಗೆ ಕಾಳೂ ಆಯಿತು. ಬೇಲಿಗುಂಟ ಗೊಬ್ಬರದ ಗಿಡ, ಬದುವಿನಲ್ಲಿ ಹೊಂಗೆ ಇದ್ದರೆ ಸೊಪ್ಪಿಗೆ ಕೊರತೆಯಿಲ್ಲ. ಕೆರೆ ಬತ್ತಿದ ವರ್ಷ ಗೋಡು ಹೊಡೆಸುವುದು ನಮ್ಮ ಹಿರಿಯರ ಪದ್ಧತಿ. ಮರಳು ಮಿಶ್ರಿತ ಕೆಮ್ಮಣ್ಣಿಗೆ ಜೇಡಿಯ ಅಂಶ ಸೇರಿ, ನೀರು ಮತ್ತು ಪೊಟ್ಯಾಷ್ ಎರಡನ್ನೂ ಹಿಡಿದಿಡುವ ಶಕ್ತಿ ಬರುತ್ತದೆ. ಟ್ರ್ಯಾಕ್ಟರಿನಿಂದ ವರ್ಷಕ್ಕೆ ಹಲವು ಸಲ ಆಳವಾಗಿ ಉತ್ತು ತೋಟವನ್ನು ಕೆಂಪಗೆ ಇಡುವುದು ನೋಡಲು ಚೆಂದ. ಆದರೆ ಅದರಿಂದ ಬೇರು ಹರಿಯುತ್ತದೆ, ಇದ್ದಷ್ಟು ಸಾವಯವ ಅಂಶವೂ ಬಿಸಿಲಿಗೆ ಬೇಗ ಕರಗುತ್ತದೆ.

ರಸಗೊಬ್ಬರ ಬೇಡವೇ?

ಬೇಕು. ಮಟ್ಟೆ, ಗರಿಗಳು ತೋಟದ್ದನ್ನು ತೋಟಕ್ಕೆ ಕೊಡುತ್ತವೆಯೇ ಹೊರತು ಈಗಾಗಲೇ ಬರಿದಾದ ಮಣ್ಣನ್ನು ಒಂದೆರಡು ವರ್ಷದಲ್ಲಿ ತುಂಬಿಸಲಾರವು. ಮೊದಲು ಹೇಳಿದ ಪ್ರಮಾಣಕ್ಕೆ ಮರವೊಂದಕ್ಕೆ ಯೂರಿಯಾ 1 ಕಿಲೋ 100 ಗ್ರಾಂ, ಸೂಪರ್ ಫಾಸ್ಫೇಟ್ 2 ಕಿಲೋ, ಪೊಟ್ಯಾಷ್ 2 ಕಿಲೋ ಬೇಕಾಗುತ್ತದೆ. ಮೂರನೇ ಒಂದು ಭಾಗವನ್ನು ಮುಂಗಾರಿಗೆ, ಉಳಿದ ಎರಡು ಭಾಗವನ್ನು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ನೆಲದಲ್ಲಿ ಹದವಾದ ತೇವ ಇದ್ದಾಗ ಹಾಕಬೇಕು. ಕಾಂಡಕ್ಕೆ ಒತ್ತಿ ಹಾಕುವುದರಿಂದ ಪ್ರಯೋಜನವಿಲ್ಲ. ಬುಡದಿಂದ ಆರು ಅಡಿಯವರೆಗಿನ ಪಾತಿಯಲ್ಲಿ ಹರಡಿ ಮಣ್ಣಿಗೆ ಬೆರೆಸಬೇಕು. ಜೊತೆಗೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್. ನೆಟ್ಟ ಸಸಿಗೆ ಮೊದಲು ಪೂರ್ಣ ಪ್ರಮಾಣದ ಹತ್ತನೇ ಒಂದು ಭಾಗ, ಎರಡನೇ ವರ್ಷ ಮೂರನೇ ಒಂದು, ಮೂರನೇ ವರ್ಷ ಮೂರನೇ ಎರಡು, ನಾಲ್ಕನೇ ವರ್ಷದಿಂದ ಪೂರ್ತಿ.

ಇವು ಸಾಧಾರಣ ಪ್ರಮಾಣಗಳು. ನಿಮ್ಮ ಮಣ್ಣಿಗೆ ಎಷ್ಟು ಬೇಕೆಂದು ಹೇಳುವುದು ಮಣ್ಣು ಪರೀಕ್ಷೆ. ಮಟ್ಟೆ, ಗರಿಗಳನ್ನು ನಾಲ್ಕೈದು ವರ್ಷ ತಪ್ಪದೆ ಹಿಂದಿರುಗಿಸಿದ ತೋಟದಲ್ಲಿ ಪೊಟ್ಯಾಷ್ ಚೀಲವನ್ನು ಕಡಿಮೆ ಮಾಡಬಹುದೇ ಎಂಬುದನ್ನೂ ಆ ಪರೀಕ್ಷೆಯೇ ತೀರ್ಮಾನಿಸಬೇಕು. ತಿಪಟೂರು ಬಳಿಯ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರ ಸಲಹೆಯನ್ನು ಬೆಳೆಗಾರರು ಪಡೆಯಬಹುದು.

ಮಟ್ಟೆ ಮಾರುವವರಿಗೆ, ಅಡಿಕೆ ಮತ್ತು ಕಾಫಿಯವರಿಗೆ

ನಾರಿನ ಉದ್ಯಮ ನಮ್ಮ ಸೀಮೆಯ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. ಮಟ್ಟೆ ಮಾರಲೇಬೇಡಿ ಎಂಬುದು ಇಲ್ಲಿನ ವಾದವಲ್ಲ. ಮಾರುವವರು ಎರಡು ಕೆಲಸ ಮಾಡಬಹುದು. ಮೊದಲನೆಯದು, ಒಂದು ಪಾಲನ್ನಾದರೂ ತೋಟಕ್ಕೆಂದು ಎತ್ತಿಡುವುದು. ಎರಡನೆಯದು, ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ಕಾರ್ಖಾನೆಯಿಂದ ಮರಳಿ ತರುವುದು. ಈ ಪುಡಿಯನ್ನು ಹಸಿಯಾಗಿ ಹಾಕಿದರೆ ಮಣ್ಣಿನ ಸಾರಜನಕವನ್ನೇ ಅದು ಕಿತ್ತುಕೊಳ್ಳುತ್ತದೆ. ಟನ್ನಿಗೆ 5 ಕಿಲೋ ಯೂರಿಯಾ ಮತ್ತು ಪ್ಲೂರೋಟಸ್ ಅಣಬೆಯ ಬೀಜವನ್ನು ಪದರ ಪದರವಾಗಿ ಹಾಕಿ, ತೇವ ಕಾಪಾಡಿ ಕಪ್ಪಾಗುವವರೆಗೆ ಕೊಳೆಸಿ ಬಳಸಬೇಕು. ಒಬ್ಬೊಬ್ಬರೇ ಲಾರಿ ಮಾಡಿ ತರುವುದು ಕಷ್ಟ. ಊರಿನ ಹತ್ತು ಮಂದಿ ಕೂಡಿದರೆ, ಸಹಕಾರ ಸಂಘ ಮುಂದೆ ನಿಂತರೆ ಕಷ್ಟವಲ್ಲ.

ತೆಂಗಿನ ನಡುವೆ ಅಡಿಕೆ ಇಟ್ಟವರು ಅಡಿಕೆ ಮರಕ್ಕೆ ಬೇರೆಯಾಗಿ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ತಲಾ 12 ಕಿಲೋ ಸೊಪ್ಪು ಮತ್ತು ಗೊಬ್ಬರ ಕೊಡತಕ್ಕದ್ದು. ಅಡಿಕೆಯ ಸಿಪ್ಪೆಯನ್ನು ರಸ್ತೆಬದಿಗೆ ಸುರಿಯುವುದು, ಕಾಫಿ ಹಣ್ಣಿನ ಸಿಪ್ಪೆಯನ್ನು ಹಳ್ಳಕ್ಕೆ ಬಿಡುವುದು ಕೂಡ ಮಟ್ಟೆ ಕಳೆದುಕೊಂಡ ಲೆಕ್ಕವೇ. ಅವುಗಳಲ್ಲೂ ಪೊಟ್ಯಾಷ್ ಧಾರಾಳವಾಗಿದೆ.

ವರ್ಷದ ಕೆಲಸಗಳು

ಮೃಗಶಿರ ಮಳೆಗೆ: ಪಾತಿ ಬಿಡಿಸುವುದು, ರಸಗೊಬ್ಬರದ ಮೊದಲ ಕಂತು, ಮಟ್ಟೆ ಹೂಳುವುದು, ಪಾತಿಗೆ ಹಸಿರೆಲೆ ಬೀಜ ಬಿತ್ತುವುದು.
ಶ್ರಾವಣದ ಹೊತ್ತಿಗೆ: ಹೂ ಬಿಟ್ಟ ಅಲಸಂದೆ, ಸೆಣಬನ್ನು ಮಣ್ಣಿಗೆ ಸೇರಿಸುವುದು.
ಉತ್ತರೆ, ಹಸ್ತ ಮಳೆಗೆ: ಕೊಟ್ಟಿಗೆ ಗೊಬ್ಬರ, ರಸಗೊಬ್ಬರದ ಎರಡನೇ ಕಂತು, ನಡುಸಾಲಿಗೆ ಹುರುಳಿ.
ಸಂಕ್ರಾಂತಿಯಿಂದ ಮುಂದೆ: ಪಾತಿಗೆ ಗರಿ, ಮಟ್ಟೆ ಹಾಸುವುದು. ಕೆರೆ ಬತ್ತಿದ್ದರೆ ಗೋಡು ಹೊಡೆಸುವುದು. ಮಣ್ಣಿನ ಮಾದರಿ ತೆಗೆದು ಪರೀಕ್ಷೆಗೆ ಕಳಿಸುವುದು.

ಈ ಬಾರಿ ಕಾಯಿ ಸುಲಿಸುವಾಗ ಕೊಬ್ಬರಿಯ ಕ್ವಿಂಟಲ್ ಬರೆದ ಪುಸ್ತಕದಲ್ಲೇ ಇನ್ನೊಂದು ಸಾಲು ಬರೆದಿಡಿ: ಬಿದ್ದ ಮಟ್ಟೆಯಲ್ಲಿ ಲಾರಿಗೆ ಹೋದದ್ದೆಷ್ಟು, ಒಲೆಗೆ ಹೋದದ್ದೆಷ್ಟು, ತೋಟಕ್ಕೆ ಹೋದದ್ದೆಷ್ಟು. ಐದು ವರ್ಷ ಈ ಸಾಲು ಬರೆದವರಿಗೆ ತಮ್ಮ ತೋಟದ ಇಳುವರಿ ಏಕೆ ಏರಿತು, ಏಕೆ ಇಳಿಯಿತು ಎಂದು ಇನ್ನೊಬ್ಬರನ್ನು ಕೇಳುವ ಪ್ರಮೇಯ ಬಾರದು.